ಹದಿನಾಲ್ಕನೇ ಸಾಲಿನ ಹೆಸರು

ಬೆಳಗಿನ ಐದಕ್ಕೇ ಲಾವೋಸ್ ಕಡೆಯ ಗಾಳಿ ಬಿಸಿಯಾಗಿ ಬೀಸುತ್ತಿದೆ. ಕೆಳಗೆ ಒಂಬತ್ತನೇ ನಂಬರ್ ರಸ್ತೆಯಲ್ಲಿ ಕಲ್ಲಿದ್ದಲಿನ ಲಾರಿಗಳು ಗೇರು ಬದಲಿಸುತ್ತ ಏರು ಹತ್ತುತ್ತಿವೆ. ಮೇಲೆ, ಗುಡ್ಡದ ಮೇಲಿನ ಹುತಾತ್ಮರ ಸ್ಮಶಾನದಲ್ಲಿ, ಸಣ್ಣ ಮೈಕಟ್ಟಿನ ಹೆಂಗಸೊಬ್ಬರು ಪ್ಲಾಸ್ಟಿಕ್ ಮಣೆಯ ಮೇಲೆ ಕುಳಿತು, ಹೊಗೆಸೊಪ್ಪಿನ ಚಿಲುಮೆ ಕಚ್ಚಿಕೊಂಡು, ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ಒಂದು ಕೊಂಬು ಬರೆಯುತ್ತಿದ್ದಾರೆ. ಇಲ್ಲಿನ ಬರಹದಲ್ಲಿ ಕೊಂಬು ಎಂದರೆ ಅಕ್ಷರದ ತಲೆಯ ಮೇಲೆ ಕೂರುವ, ದನಿಯ ಏರಿಳಿತ ತೋರಿಸುವ ಗುರುತು. ಅದು ಬಲಕ್ಕೆ ವಾಲಿದರೆ ಒಂದು ಹೆಸರು, ಎಡಕ್ಕೆ ವಾಲಿದರೆ ಇನ್ನೊಂದು. ಬರೆಯುವಷ್ಟು ಹೊತ್ತೂ ಅವರು ಉಸಿರು ಬಿಗಿಹಿಡಿಯುತ್ತಾರೆ. ಬರೆದಾದ ಮೇಲೆ ಚಿಲುಮೆಯಿಂದ ಒಮ್ಮೆ ಹೊಗೆ ಏಳುತ್ತದೆ.

"ಈ ಕೊಂಬು ತಪ್ಪಿದ್ರೆ ಬೇರೆ ಮನೆಯೋರು ಬಂದು ಅಳ್ತಾರೆ," ಎನ್ನುತ್ತಾರೆ ಅವರು, ನನ್ನ ಕಡೆ ತಿರುಗದೆ.

ಕಾಗದದ ಮೇಲೆ ಇವರ ಹೆಸರು ಹೋ ಥಿ ಲೆಂಗ್. ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಖಾಮ್ ಎಂಬ ಮಗಳನ್ನು ಹೆತ್ತ ಮೇಲೆ, ಈ ಬೆಟ್ಟದ ಬುಡಕಟ್ಟಾದ ಬ್ರೂ ಜನರ ರೂಢಿಯಂತೆ, ಖಾಮ್‌ಳ ತಾಯಿ ಅಂದರೆ ಪಿ ಖಾಮ್ ಆಗಿದ್ದಾರೆ. ಮೂವತ್ತನಾಲ್ಕು ವರ್ಷಗಳಿಂದ ಈ ಗುಡ್ಡದ ಕಲ್ಲುಗಳಿಗೆ ಬಣ್ಣ ಹಚ್ಚುವವರು ಇವರೇ. ಬಿಸಿಲಿಗೆ, ಮಳೆಗೆ ಅಕ್ಷರ ಮಾಸುತ್ತದೆ. ಜುಲೈ ಇಪ್ಪತ್ತೇಳರ ಹುತಾತ್ಮರ ದಿನಕ್ಕೆ ಹೂಗುಚ್ಛ ಹಿಡಿದು ದೊಡ್ಡವರು ಬರುವ ಮುನ್ನ ಎಲ್ಲ ಕಲ್ಲುಗಳೂ ಹೊಸದರಂತೆ ಕಾಣಬೇಕು. ಜೂನ್ ಒಂದಕ್ಕೆ ಕುಂಚ ಹಿಡಿದರೆ ಜುಲೈ ಮೂರನೇ ವಾರದವರೆಗೆ ದಿನಕ್ಕೆ ಇಪ್ಪತ್ತೈದು ಕಲ್ಲು. ಬಿಸಿಲು ತಡೆಯಲಾರದೆ ಹತ್ತಕ್ಕೆ ಇಳಿದು ಮನೆಗೆ ಹೋಗುತ್ತಾರೆ. ಮೂರೂವರೆಗೆ ಮತ್ತೆ ಹತ್ತಿ ಬರುತ್ತಾರೆ.

ಒಟ್ಟು 1,184 ಕಲ್ಲುಗಳು. ಅವುಗಳಲ್ಲಿ ಹೆಸರಿರುವವು 453. ಉಳಿದ 731ರ ಮೇಲೆ ಇರುವುದು ಒಂದೇ ಸಾಲು: 'ಹೆಸರು ಇನ್ನೂ ತಿಳಿದಿಲ್ಲ'. ಹೆಸರಿರುವ ಕಲ್ಲಿಗೆ ಇಪ್ಪತ್ತು ನಿಮಿಷ ಬೇಕು, ಇಲ್ಲದ್ದಕ್ಕೆ ಎಂಟು ಸಾಕು. ನಾನು ಈ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದಾಗ ಪಿ ಖಾಮ್ ಕೈ ಅಡ್ಡ ಹಿಡಿದರು. "ಪೆನ್ಸಿಲಲ್ಲಿ ಬರ್ಕೊಳ್ಳಿ. ಬದಲಾಗಬಹುದು."

ನಾನು ದೋಂಗ್ ಹಾ ಪಟ್ಟಣದಲ್ಲಿದ್ದುಕೊಂಡು ಹತ್ತೊಂಬತ್ತು ವರ್ಷಗಳಿಂದ ಭಾನುವಾರದ ಪುರವಣಿಗೆ ಬರೆಯುತ್ತಿದ್ದೇನೆ. ಈ ಗುಡ್ಡಕ್ಕೆ ಬಂದದ್ದು ಒಂದು ಪುಟದ ಲೇಖನಕ್ಕೆ. ಒಂದು ಬೆಳಗಿನಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದೆ. ಐದು ಸಲ ಬರಬೇಕಾಯಿತು. ಆದರೂ ನನಗೆ ಎಲ್ಲವೂ ತಿಳಿದಿದೆ ಎಂದು ಹೇಳಲಾರೆ. ಪಿ ಖಾಮ್ ಅವರಿಗೂ ತಿಳಿದಿಲ್ಲ.

ಅವರ ವಯಸ್ಸಿನಿಂದಲೇ ಗೊಂದಲ ಶುರು. ಗುರುತಿನ ಚೀಟಿಯಲ್ಲಿ 1958, ಜನವರಿ ಒಂದು. ಅವರ ಊರಿನ ಹಿರಿಯರೆಲ್ಲರೂ ಜನವರಿ ಒಂದರಂದೇ ಹುಟ್ಟಿದವರು. ನೋಂದಣಿಗೆ ಬಂದ ಗುಮಾಸ್ತ, ದಿನ ಗೊತ್ತಿಲ್ಲ ಎಂದವರಿಗೆಲ್ಲ ಅದನ್ನೇ ಬರೆದುಕೊಟ್ಟು ಹೋದನಂತೆ. ಮನೆತನದ ಹೆಸರೂ ಹಾಗೆಯೇ. ಮೊದಲು ಬ್ರೂ ಜನರಿಗೆ ಮನೆತನದ ಹೆಸರು ಎಂಬುದೇ ಇರಲಿಲ್ಲ. ಯುದ್ಧಕಾಲದಲ್ಲಿ ಅಧ್ಯಕ್ಷರ ಮೇಲಿನ ಅಭಿಮಾನಕ್ಕೆ ಬೆಟ್ಟದ ಜನರೆಲ್ಲ ಅವರ ಮನೆತನದ 'ಹೋ' ಎಂಬುದನ್ನೇ ಸೇರಿಸಿಕೊಂಡರು. "ಈಗ ಸಂತೇಲಿ ನಿಂತು ಹೋ ಅಂತ ಒಂದು ಕೂಗು ಹಾಕಿ ನೋಡಿ. ಇಡೀ ಬೆಟ್ಟ ತಿರುಗಿ ನೋಡುತ್ತೆ," ಎನ್ನುತ್ತಾರೆ.

ಊರೂ ಒಂದು ಕಡೆ ನಿಂತದ್ದಲ್ಲ. ಅವರು ಹುಟ್ಟಿದ್ದು ತೊರೆಯ ಮೇಲಿನ ಊರಿನಲ್ಲಿ. ಒಂಬತ್ತು ವರ್ಷದವರಿದ್ದಾಗ ದಕ್ಷಿಣದ ಸೈಗಾನ್ ಸರಕಾರದ ಲಾರಿಗಳು ಬಂದು ಎಲ್ಲರನ್ನೂ ತುಂಬಿಕೊಂಡು ಬಯಲಿನ ತಂತಿಬೇಲಿಯೊಳಗೆ ಇಳಿಸಿದವು. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಕೆಂಪು ಮಣ್ಣಿನ ಸೀಮೆಗೆ. ಯುದ್ಧ ಮುಗಿದ ಮೇಲೆ ನಡೆದುಕೊಂಡೇ ವಾಪಸ್. ಆಮೇಲೆ ಅಣೆಕಟ್ಟೆ ಬಂತೆಂದು ಮತ್ತೆ ಮೇಲಕ್ಕೆ. ಈಗಿರುವ ಊರಿಗೆ ಹಳೆಯ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹಳೆಯ ಊರು ನೀರಿನಡಿಯಲ್ಲಿದೆ. ಅದರ ಹೆಸರನ್ನು ಯಾರಾದರೂ ಹೇಳಿದರೆ, ಯಾವುದರ ಬಗ್ಗೆ ಹೇಳುತ್ತಿದ್ದಾರೆ ಎಂದು ಪಿ ಖಾಮ್ ಒಂದು ಕ್ಷಣ ತಡೆದು ಯೋಚಿಸುತ್ತಾರೆ.

ಅವರಿಗೊಬ್ಬ ಅಣ್ಣ ಇದ್ದ, ಮುವಾನ್. ಹದಿನೆಂಟು ತುಂಬುವ ಮೊದಲೇ ಬೇರೊಂದು ಗುಡ್ಡದ ಮೇಲಿದ್ದ ಅಮೆರಿಕನ್ನರ ಶಿಬಿರದಲ್ಲಿ ಅಕ್ಕಿಗಾಗಿ ಬಂದೂಕು ಹಿಡಿದವನು. 1968ರ ಹೊಸ ವರ್ಷದ ಹಬ್ಬ ಕಳೆದು ಕೆಲವೇ ದಿನಗಳಲ್ಲಿ ಆ ಶಿಬಿರ ಬಿತ್ತು. ಅವನು ಮನೆಗೆ ಬರಲಿಲ್ಲ. ಶಿಬಿರದ ತಂತಿಯ ಬಳಿ ಅವನ ಹೆಣ ಕಂಡೆ ಎಂದ ಒಬ್ಬ. ಉತ್ತರದ ಸೈನಿಕರಿಗೆ ಅಕ್ಕಿಮೂಟೆ ಹೊರುತ್ತಿದ್ದಾಗ ಬಾಂಬಿಗೆ ಸಿಕ್ಕ ಎಂದ ಇನ್ನೊಬ್ಬ. ಗಡಿ ದಾಟಿ ಲಾವೋಸಿನಲ್ಲಿ ಇಬ್ಬರು ಹೆಂಡಿರ ಜೊತೆ ಸುಖವಾಗಿದ್ದಾನೆ ಎಂದ ಮೂರನೆಯವನು. ಅವರ ತಾಯಿ ಮೊದಲಿನ ಎರಡು ಸುದ್ದಿಗೂ ಅತ್ತಳು, ಮೂರನೆಯದಕ್ಕೆ ನಕ್ಕಳು, ಸಾಯುವವರೆಗೂ ಮೂರನ್ನೂ ನಂಬಿದಳು.

"ಇಲ್ಲಿ ಗೆದ್ದ ಉತ್ತರದ ಕಡೆಯೋರಿಗೆ ಮಾತ್ರ ಜಾಗ. ಮೊದಲನೇದು ನಿಜ ಆದ್ರೆ ಅವನು ಈ ಗುಡ್ಡಕ್ಕೆ ಬರೋ ಹಾಗಿಲ್ಲ. ಎರಡನೇದು ನಿಜ ಆದ್ರೆ ಇಲ್ಲೇ ಇದ್ರೂ ಇರಬಹುದು. ಮನುಷ್ಯ ಅವನೇ, ಅಣ್ಣ ಅವನೇ. ಯಾವ ದಿನ, ಯಾರ ಕಡೆ ಇದ್ದಾಗ ಸತ್ತ ಅನ್ನೋದರ ಮೇಲೆ ಜಾಗ," ಎನ್ನುತ್ತಾರೆ ಪಿ ಖಾಮ್. ಸಿಟ್ಟಿನಿಂದ ಹೇಳುವುದಿಲ್ಲ. ಬಿಡಿಸಲಾಗದ ಗಂಟನ್ನು ಇನ್ನೊಬ್ಬರ ಕೈಗೆ ಕೊಡುವವರ ಹಾಗೆ ಹೇಳುತ್ತಾರೆ.

ಅವರು ಶಾಲೆಗೆ ಹೋದವರಲ್ಲ. 1991ರಲ್ಲಿ ಈ ಸ್ಮಶಾನ ಕಟ್ಟುವಾಗ ಮರಳು ಹೊರುವ ಕೂಲಿಗೆ ಬಂದವರು. ಆಗಿನ ಕಾವಲುಗಾರ ಕ್ವಿ ಎಂಬ ಮುದುಕ, ಉತ್ತರದಿಂದ ಬಂದು ಇಲ್ಲೇ ಉಳಿದ ಹಳೆಯ ಸೈನಿಕ. ಕಲ್ಲಿನ ಮೇಲೆ ಬರೆಯುವುದು ಅವನ ಕೆಲಸವಾಗಿತ್ತು. ಆದರೆ ಅವನ ಕೈ ನಡುಗುತ್ತಿತ್ತು. ಒಂದು ದಿನ, ಮರಳು ಹೊತ್ತು ಹೋಗುತ್ತಿದ್ದ ಇವರನ್ನು ಕರೆದು, ಬುಟ್ಟಿ ಹೆಣೆಯಲು ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದರು. ಹಾಗಾದರೆ ಕೈ ನೆಟ್ಟಗಿದೆ ಎಂದು ಕುಂಚ ಕೊಟ್ಟ. ಅಕ್ಷರಗಳನ್ನು ಚಿತ್ರದ ಹಾಗೆ ಕಲಿಸಿದ. ಇದು ಮನೆಯ ಮಾಡು, ಇದು ಮೀನಿನ ಗಾಳ, ಇದು ಕೊಡೆ ಬಿಚ್ಚಿಕೊಂಡ ಮನುಷ್ಯ. ಮೊದಲ ಎರಡು ವರ್ಷ ತಾನು ಏನು ಬರೆಯುತ್ತಿದ್ದೇನೆ ಎಂದು ಇವರಿಗೆ ಗೊತ್ತಿರಲಿಲ್ಲ. ಮೂರನೇ ವರ್ಷ ಒಂದು ಬೆಳಿಗ್ಗೆ ಕಲ್ಲುಗಳು ತಾವಾಗಿಯೇ ಮಾತಾಡತೊಡಗಿದವಂತೆ.

"ನನಗೆ ಬರೋದು ಸತ್ತವರ ಓದು ಮಾತ್ರ," ಎಂದು ಅವರೇ ನಗುತ್ತಾರೆ. ಹೆಸರು, ಪ್ರಾಂತ್ಯ, ಇಸವಿ, ಇಷ್ಟನ್ನು ತಡೆಯಿಲ್ಲದೆ ಓದುತ್ತಾರೆ. ಔಷಧಿ ಬಾಟಲಿಯ ಮೇಲೆ ಎಷ್ಟು ಚಮಚ ಕುಡಿಯಬೇಕೆಂದು ಬರೆದಿರುವುದು ತಿಳಿಯುವುದಿಲ್ಲ. ಆದರೆ ಔಷಧಿ ತಯಾರಾದ ಊರು ಯಾವುದೆಂದು ಥಟ್ಟನೆ ಹೇಳುತ್ತಾರೆ. ಆ ಊರಿನವರು ಹನ್ನೊಂದು ಜನ ಇಲ್ಲಿದ್ದಾರೆ.

ಕ್ವಿ ಕಲಿಸಿದ್ದರಲ್ಲಿ ಒಂದು ಮಾತನ್ನು ಅವರು ನನಗೆ ಎರಡು ಸಲ ಹೇಳಿದರು. ಹೆಸರಿಲ್ಲ ಎಂದು ಬರೆಯಬಾರದು, ಇನ್ನೂ ತಿಳಿದಿಲ್ಲ ಎಂದು ಬರೆಯಬೇಕು. ಆ 'ಇನ್ನೂ' ಎಂಬುದನ್ನು ಉಳಿದ ಅಕ್ಷರಗಳಷ್ಟೇ ದಪ್ಪಗೆ ಬರೆಯಬೇಕು.

ಈಗ ಹದಿನಾಲ್ಕನೇ ಸಾಲಿನ ಮಾತು. ಆ ಸಾಲಿನಲ್ಲಿ ಪಕ್ಕಪಕ್ಕದಲ್ಲೇ ಮೂರು ಕಲ್ಲುಗಳಿವೆ. ತೊರೆಯ ತಿರುವಿನಲ್ಲಿ, ಅತ್ತಿಮರದ ಕೆಳಗೆ ಸಿಕ್ಕ ಮೂವರ ಮೂಳೆಗಳು, ಸಿಕ್ಕ ಕ್ರಮದಲ್ಲೇ, ಅಲ್ಲಿವೆ. ಮೂರೂ ಹೆಸರಿಲ್ಲದೆ ಇದ್ದವು. 2003ರಲ್ಲಿ ಉತ್ತರದ ನ್ಗೆ ಆನ್ ಪ್ರಾಂತ್ಯದ ಬೆಟ್ಟದಿಂದ ಥಾಯ್ ಬುಡಕಟ್ಟಿನ ಹೆಂಗಸೊಬ್ಬರು, ಜೊತೆಗೊಬ್ಬ ಮುದಿ ಸೈನಿಕನನ್ನು ಕರೆದುಕೊಂಡು ಬಂದರು. ಅವರ ಹೆಸರು ವಿ ಥಿ ನೋಯ್. 1968ರ ಏಪ್ರಿಲ್‌ನಲ್ಲಿ ಇಲ್ಲಿ ಸತ್ತ ಅವರ ಅಣ್ಣನ ಹೆಸರು ವಿ ವಾನ್ ಪಾನ್. ಆ ಮೂವರನ್ನು ಹೂಳಿದ್ದು ತಾನೇ ಎಂದ ಮುದಿ ಸೈನಿಕ, ನಡುವಿನ ಕಲ್ಲನ್ನು ತೋರಿಸಿದ. ಪಾನ್‌ಗೆ ಅಂಚಿನಲ್ಲಿ ಮಲಗಲು ಹೆದರಿಕೆ, ಗುಡಾರದಲ್ಲೂ ನಡುವೆಯೇ ಮಲಗುತ್ತಿದ್ದ, ಅದಕ್ಕೇ ಗುಂಡಿಯಲ್ಲೂ ನಡುವೆ ಇಟ್ಟೆವು ಎಂದು ಹೇಳಿದ. ಕಚೇರಿಯವರು ನಂಬಿದರು. ಪಿ ಖಾಮ್ ಕುಂಚ ಹಿಡಿದರು.

ಅದುವರೆಗೆ ಅವರು ಮೊದಲೇ ಕೊರೆದಿದ್ದ ಅಕ್ಷರಗಳ ಮೇಲೆ ಬಣ್ಣ ಎಳೆಯುತ್ತಿದ್ದರು ಅಷ್ಟೇ. ಬರಿಯ ಕಲ್ಲಿನ ಮೇಲೆ ಒಂದು ಹೆಸರನ್ನು ಮೊದಲಿಂದ ಕೊನೆಯವರೆಗೆ ತಾವೇ ಕೂಡಿಸಿ ಬರೆದದ್ದು ಅದೇ ಮೊದಲು. 731 ಆಗ 732 ಇತ್ತು. ಒಂದು ಕಡಿಮೆಯಾದ ದಿನ ಮುದುಕ ಕ್ವಿ ಭತ್ತದ ಹೆಂಡ ತರಿಸಿದ.

ಆಮೇಲೆ ಇಪ್ಪತ್ತೆರಡು ವರ್ಷ, ಪ್ರತಿ ಜುಲೈ, ನೋಯ್ ಬರುತ್ತಿದ್ದಾರೆ. ಎರಡು ಬಸ್ಸು ಬದಲಿಸಿ, ಬಿದಿರಿನ ಅಂಡೆಯಲ್ಲಿ ಬೇಯಿಸಿದ ಅಂಟಕ್ಕಿ ಅನ್ನ, ಸುಟ್ಟ ಹಳ್ಳದ ಮೀನು, ಮೆಣಸಿನ ಉಪ್ಪು ತರುತ್ತಾರೆ. ಮೊದಲೆಲ್ಲ ರಸ್ತೆಬದಿಯ ವಸತಿಯಲ್ಲಿ ಇಳಿಯುತ್ತಿದ್ದರು. ನಂತರ ಪಿ ಖಾಮ್ ಅವರ ಅಟ್ಟಣೆ ಮನೆಯಲ್ಲೇ. ಒಬ್ಬರದು ಥಾಯ್, ಒಬ್ಬರದು ಬ್ರೂ. ಇಬ್ಬರೂ ಮಾತಾಡುವುದು ಬಯಲಿನವರ ಭಾಷೆಯಲ್ಲಿ, ಇಬ್ಬರಿಗೂ ಅದು ಅರ್ಧಂಬರ್ಧ. "ಇವರಿಬ್ಬರ ಮಾತು ಕೇಳಿದರೆ ರೇಡಿಯೋ ಸರಿಯಾಗಿ ಹಿಡೀದೆ ಇದ್ದಂಗೆ ಇರುತ್ತೆ," ಎಂದು ಮಗಳು ಖಾಮ್ ತಮಾಷೆ ಮಾಡುತ್ತಾಳೆ. ಕಲ್ಲಿನ ಮುಂದೆ ಮಾತ್ರ ನೋಯ್ ಸ್ವಂತ ಭಾಷೆಯಲ್ಲಿ, ರಾಗವೆಳೆದು, ಗಟ್ಟಿಯಾಗಿ ಅಳುತ್ತಿದ್ದರು. ಊರಿನ ಸುದ್ದಿಯೆಲ್ಲ ಆ ಅಳುವಿನಲ್ಲೇ ಅಣ್ಣನಿಗೆ ವರದಿಯಾಗುತ್ತಿತ್ತು. ಎಮ್ಮೆ ಈದದ್ದು, ತಮ್ಮನಿಗೆ ಹುಷಾರಿಲ್ಲದ್ದು, ಯಾರ ಮದುವೆ ಯಾರ ಜೊತೆ ಎಂಬುದು. ಒಂದು ಪದವೂ ಅರ್ಥವಾಗದ ಪಿ ಖಾಮ್ ಪಕ್ಕದ ಸಾಲಿನಲ್ಲಿ ಬಣ್ಣ ಹಚ್ಚುತ್ತ ಕೇಳಿಸಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಸರಕಾರದವರು ಬಂದು ಅನುಮಾನವಿದ್ದ ಗೋರಿಗಳಿಂದ ಡಿಎನ್‌ಎ ಪರೀಕ್ಷೆಗೆಂದು ಮೂಳೆಯ ಚೂರು ತೆಗೆದುಕೊಂಡು ಹೋದರು. ಅತ್ತ ನ್ಗೆ ಆನ್‌ನಲ್ಲಿ ನೋಯ್ ಅವರ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಎಂಜಲು ತೆಗೆದರು. ಈ ವರ್ಷದ ಜೂನ್ ಕೊನೆಯ ವಾರದಲ್ಲಿ ಪತ್ರ ಬಂತು. ಪಂಚಾಯಿತಿ ಕಚೇರಿಯ ಗುಮಾಸ್ತೆ ಯೇನ್ ಅದನ್ನು ಹಿಡಿದುಕೊಂಡು ಗುಡ್ಡ ಹತ್ತಿದಳು. ನಡುವಿನ ಕಲ್ಲಿನ ಕೆಳಗಿರುವವನು ಮತ್ತು ನೋಯ್ ಒಂದೇ ತಾಯಿಯ ಮಕ್ಕಳಲ್ಲ. ಎಡದ ಮತ್ತು ಬಲದ ಕಲ್ಲಿನವರ ಮೂಳೆ ತೀರ ಸವೆದಿರುವುದರಿಂದ ಏನೂ ಹೇಳಲು ಬರುವುದಿಲ್ಲ. ನಡುವಿನ ಕಲ್ಲಿನ ಹೆಸರನ್ನು ಇಪ್ಪತ್ತೇಳರ ಒಳಗೆ ಅಳಿಸಿ, 'ಹೆಸರು ಇನ್ನೂ ತಿಳಿದಿಲ್ಲ' ಎಂದು ಬರೆಯತಕ್ಕದ್ದು.

ಹಾಗಾದರೆ ಅಲ್ಲಿರುವುದು ಯಾರು ಎಂದು ಪಿ ಖಾಮ್ ಕೇಳಿದರು. ಅದು ಪತ್ರದಲ್ಲಿಲ್ಲ ಎಂದಳು ಯೇನ್. ಪಾನ್ ಎಡಕ್ಕಿರಬಹುದೇ ಎಂದರು. ಇರಬಹುದು. ಬಲಕ್ಕೆ? ಇರಬಹುದು. ಎರಡೂ ಕಡೆ ಇಲ್ಲದಿರಬಹುದೇ? ಅದೂ ಇರಬಹುದು. ಮುದಿ ಸೈನಿಕನನ್ನೇ ಕೇಳೋಣವೆಂದರೆ ಅವನು ಸತ್ತು ಹನ್ನೆರಡು ವರ್ಷವಾಗಿದೆ.

ಅಷ್ಟರಲ್ಲಿ ಜುಲೈ ಒಂದು ಬಂತು, ಆಡಳಿತವೇ ಬದಲಾಯಿತು. ಜಿಲ್ಲೆ ಎಂಬುದೇ ಹೋಯಿತು, ಎರಡು ಪ್ರಾಂತ್ಯ ಸೇರಿ ಒಂದಾಯಿತು, ಪಂಚಾಯಿತಿಗಳು ಕೂಡಿಕೊಂಡು ಕಚೇರಿಯ ಫಲಕ ಬದಲಾಯಿತು. ಪತ್ರದ ಮೇಲಿದ್ದದ್ದು ಹಳೆಯ ಜಿಲ್ಲೆಯ ಮೊಹರು. ಪಿ ಖಾಮ್ ಕಚೇರಿಗೆ ಹೋಗಿ ಒಂದು ನ್ಯಾಯವಾದ ಪ್ರಶ್ನೆ ಕೇಳಿದರು: "ಇಲ್ಲದೇ ಇರೋ ಜಿಲ್ಲೆಯ ಮಾತು ನಾನು ಕೇಳಬೇಕಾ?"

ಯೇನ್ ಪಾಪ, ಅವಳಿಗೂ ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದಳು. ಒಂದು ವಾರದ ನಂತರ, ಜಿಲ್ಲೆ ಇಲ್ಲದಿದ್ದರೂ ಪತ್ರ ಇದೆ ಎಂದಳು.

ನಾನು ಮೊದಲ ಸಲ ಗುಡ್ಡ ಹತ್ತಿದ್ದು ಆ ದಿನಗಳಲ್ಲಿ. ಹದಿಮೂರನೇ ಸಾಲು ಮುಗಿದಿತ್ತು, ಹದಿನೈದು, ಹದಿನಾರು ಕೂಡ ಮುಗಿದಿದ್ದವು. ಹದಿನಾಲ್ಕರಲ್ಲಿ ನಡುವಿನ ಒಂದು ಕಲ್ಲು ಮಾತ್ರ ಕಳೆದ ವರ್ಷದ ಮಾಸಿದ ಬಣ್ಣದಲ್ಲೇ ನಿಂತಿತ್ತು. ಅಳಿಸಿಯೂ ಇರಲಿಲ್ಲ, ತಿದ್ದಿಯೂ ಇರಲಿಲ್ಲ. ಪಿ ಖಾಮ್ ದಿನಾ ಅದರ ಮುಂದೆ ಹೋಗಿ ಮಣೆ ಹಾಕಿ ಕೂರುತ್ತಿದ್ದರು, ಚಿಲುಮೆ ಸೇದಿ ಮುಗಿಸುತ್ತಿದ್ದರು, ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ನೋಯ್ ಬರುವ ಮೊದಲೇ ಅಳಿಸಿಬಿಟ್ಟರೆ ಬಂದವಳು ಎಲ್ಲಿ ಕೂರಬೇಕು? ಬಂದ ಮೇಲೆ ಅಳಿಸಿದರೆ ಅವಳ ಕಣ್ಣೆದುರೇ ಅಳಿಸಬೇಕು. ಫೋನು ಮಾಡಿ ಹೇಳೋಣವೆಂದರೆ ಅರ್ಧಂಬರ್ಧ ಭಾಷೆಯಲ್ಲಿ, ಮುಖ ಕಾಣದೆ, ಇಂಥದ್ದನ್ನು ಹೇಳುವುದು ಹೇಗೆ? ಸುಮ್ಮನೆ ಹೇಳಿದ ಕೆಲಸ ಮಾಡಮ್ಮ, ಅದು ನಿನ್ನ ಹೆಸರೇನಲ್ಲವಲ್ಲ ಎಂದು ಮಗಳು ಖಾಮ್ ರೇಗಿದಳು. ನನ್ನ ಹೆಸರಲ್ಲ, ಆದರೆ ಬರೆದವಳು ನಾನು ಎಂದು ಇವರೂ ರೇಗಿದರು. ಅಂದು ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಉಂಡರು.

ಅದೇ ವಾರ ಯೇನ್ ಇನ್ನೊಂದು ಕೆಲಸದ ಮೇಲೆ ಅವರ ಮನೆಗೆ ಬಂದಳು. ಕಾಣೆಯಾದವರ ಮನೆಯವರಿಂದ ಎಂಜಲು ಪಡೆಯುತ್ತಿದ್ದರು. ನಿಮ್ಮ ಅಣ್ಣ ಮುವಾನ್ ಹೆಸರೂ ಕೊಡಬಹುದಲ್ಲ, ಅಕ್ಕಿಮೂಟೆ ಹೊತ್ತವರೂ ಲೆಕ್ಕಕ್ಕೆ ಬರುತ್ತಾರೆ ಎಂದಳು. ಪಿ ಖಾಮ್ ಬಾಯಿ ತೆರೆದರು. ಹತ್ತಿಯ ಕಡ್ಡಿ ಕೆನ್ನೆಯೊಳಗೆ ತಿರುಗುವಾಗ ಅವರಿಗೆ ಒಂದೇ ಚಿಂತೆ ಇತ್ತಂತೆ. ಅರ್ಜಿಯಲ್ಲಿ 'ಯಾವ ಕಡೆಯವರು' ಎಂಬ ಜಾಗದಲ್ಲಿ ಏನು ಬರೆಸುವುದು? ಯೇನ್ ಆ ಜಾಗವನ್ನು ಖಾಲಿ ಬಿಟ್ಟಳು. ಫಲಿತಾಂಶ ಬರಲು ವರ್ಷಗಳೇ ಬೇಕಾಗಬಹುದು, ಬರದೆಯೂ ಇರಬಹುದು.

ಸಿಕ್ಕಿದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ಅವರು ಚಿಲುಮೆಗೆ ಹೊಗೆಸೊಪ್ಪು ತುಂಬಿದರು.

"ಅಮ್ಮ ಮೂವರು ಅಣ್ಣಂದಿರನ್ನ ಬಿಟ್ಟು ಹೋದಳು. ಒಂದು ಕಾಗದ ಬಂದು ಇಬ್ಬರನ್ನ ಕಿತ್ಕೊಂಡು ಹೋದ್ರೆ ಒಳ್ಳೇದಾ ಕೆಟ್ಟದ್ದಾ ನನಗೆ ಗೊತ್ತಾಗ್ತಿಲ್ಲ. ನಿಮಗೆ ಓದು ಬರುತ್ತಲ್ಲ, ನೀವೇ ಹೇಳಿ."

ನಾನು ಅದನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ.

ಜುಲೈ ಇಪ್ಪತ್ತೆರಡರ ಮಧ್ಯಾಹ್ನದ ಬಸ್ಸಿಗೆ ನೋಯ್ ಬಂದರು. ನಾನೂ ಆ ದಿನ ಅಲ್ಲಿದ್ದೆ. ಎಪ್ಪತ್ತು ದಾಟಿದ, ಪಿ ಖಾಮ್ ಅವರಿಗಿಂತ ಒಂದು ಗೇಣು ಎತ್ತರದ ಹೆಂಗಸು, ತಲೆಗೆ ಕಸೂತಿಯ ವಸ್ತ್ರ, ಹೆಗಲಿಗೆ ಅಂಟಕ್ಕಿಯ ಅಂಡೆಗಳ ಚೀಲ. ಊಟ ಮಾಡಿದರು. ಮೊಣಕಾಲು ನೋವಿನ ಬಗ್ಗೆ, ಬಸ್ಸಿನ ಎಸಿಯ ಬಗ್ಗೆ, ಬಿದಿರು ಕಳಲೆ ಈ ವರ್ಷ ಕಹಿಯಾಗಿರುವ ಬಗ್ಗೆ ಮಾತಾಡಿದರು. ಪಿ ಖಾಮ್ ಅವರ ಕೈ ಅನ್ನದಲ್ಲಿ ಆಡುತ್ತಿತ್ತೇ ಹೊರತು ಬಾಯಿಗೆ ಹೋಗುತ್ತಿರಲಿಲ್ಲ. ನೋಯ್ ಕೂಡ ಹೆಚ್ಚು ತಿನ್ನಲಿಲ್ಲ. ನನಗೆ ಅದು ಆಗ ಹೊಳೆಯಲಿಲ್ಲ.

ನಾಲ್ಕಕ್ಕೆ ಗುಡ್ಡ ಹತ್ತಿದೆವು. ಹೆಸರು ಇನ್ನೂ ಕಲ್ಲಿನ ಮೇಲಿತ್ತು. ನೋಯ್ ಅದರ ಮುಂದೆ ಚಾಪೆ ಹಾಸಿ ಕೂತರು, ಊದುಬತ್ತಿ ಹಚ್ಚಿದರು, ಅಂಡೆ ಸೀಳಿ ಅನ್ನ ಇಟ್ಟರು. ಆಮೇಲೆ ಸುಮ್ಮನೆ ಕೂತರು. ಐದು ನಿಮಿಷ, ಹತ್ತು ನಿಮಿಷ. ಪಿ ಖಾಮ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅವರ ಮುಖ ನೋಡಿದರು.

"ಯಾಕಕ್ಕ ಅಳ್ತಿಲ್ಲ?" ಎಂದು ಕೊನೆಗೆ ಕೇಳಿದರು.

"ಯಾರಿಗೆ ಅಂತ ಅಳಲಿ?" ಎಂದರು ನೋಯ್.

ಆಗ ಗೊತ್ತಾಯಿತು. ಪತ್ರದ ಇನ್ನೊಂದು ಪ್ರತಿ ನ್ಗೆ ಆನ್‌ಗೂ ಹೋಗಿತ್ತು. ತಮ್ಮನ ಮಗ ಅದನ್ನು ಎರಡು ಸಲ ಓದಿ ಹೇಳಿದ್ದ. ಇನ್ನು ಅಲ್ಲಿಗೆ ಹೋಗುವುದೇನಿದೆ ಎಂದು ಮನೆಯವರೆಲ್ಲ ಅಂದರು. ಮಾತು ಬೆಳೆಸದೆ, ಸಂತೆಗೆ ಹೋಗಿ ಬರುತ್ತೇನೆಂದು ಹೇಳಿ ಇವರು ಬಸ್ಸು ಹತ್ತಿದ್ದರು. ಪಿ ಖಾಮ್‌ಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ, ಹೇಳಿದರೆ ನೊಂದುಕೊಳ್ಳುತ್ತಾಳೆ, ಹೆಸರು ಬರೆದವಳು ಅವಳಲ್ಲವೇ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದರು. ಒಂದು ತಿಂಗಳಿಂದ ಇಬ್ಬರೂ ಒಬ್ಬರಿಗೊಬ್ಬರು ಅದನ್ನೇ ಮುಚ್ಚಿಟ್ಟುಕೊಂಡಿದ್ದರು.

ಆಮೇಲೆ ನೋಯ್ ಮೆಲ್ಲಗೆ, ಪದ ಹುಡುಕಿ ಹುಡುಕಿ ಹೇಳಿದರು: "ಇಪ್ಪತ್ತೆರಡು ವರ್ಷ ಯಾರದೋ ಮನೆಯ ಮಗನಿಗೆ ಊಟ ಬಡಿಸಿದೆ. ಅದಕ್ಕೆ ಬೇಜಾರಿಲ್ಲ. ಆದ್ರೆ ನನ್ನ ಅಣ್ಣ ಹಸ್ಕೊಂಡು ಎಲ್ಲೋ ನಿಂತು ಅದನ್ನ ನೋಡ್ತಿದ್ದನಾ? ತಂಗಿ ಬಂದಳು, ಪಕ್ಕದವನಿಗೆ ಬಡಿಸಿ ಹೋದಳು ಅಂದ್ಕೊಂಡನಾ? ಅದೊಂದು ಯೋಚನೆ ಬಂದ್ರೆ ಊಟ ಸೇರಲ್ಲ."

ಪಿ ಖಾಮ್ ಚಿಲುಮೆಯ ಬೂದಿಯನ್ನು ಕಲ್ಲಿನ ಬುಡಕ್ಕೆ ಬೀಳದ ಹಾಗೆ ಅಂಗೈಗೆ ಬಡಿದುಕೊಂಡರು.

"ನಮ್ಮ ದೇಶದಲ್ಲಿ ಇಂಥ ಗುಡ್ಡ ಎಷ್ಟಿದಾವೆ ಅಕ್ಕ. ಎಲ್ಲ ಕಡೆಗೂ ನಿನ್ನಂಥೋರು ಬರ್ತಾರೆ. ಇಲ್ಲೇ ತಪ್ಪಾಗಿದೆ ಅಂದ್ರೆ ಬೇರೆ ಕಡೆಯೂ ಆಗಿರುತ್ತೆ. ನಿನ್ನ ಅಣ್ಣನಿಗೂ ಯಾರೋ ಒಬ್ಬಳು ತಪ್ಪಾಗಿ ಬಡಿಸ್ತಾ ಇರ್ತಾಳೆ."

ನೋಯ್ ಪಿ ಖಾಮ್ ಮುಖವನ್ನೇ ನೋಡಿದರು. ಅದು ಸಮಾಧಾನವೋ ಲೆಕ್ಕಾಚಾರವೋ ಎಂದು ತೀರ್ಮಾನಿಸಲಾಗದವರಂತೆ ನೋಡಿದರು. ಆದರೆ ಅವರು ಸರಿದು ಕೂತು, ಅಂಟಕ್ಕಿ ಅನ್ನವನ್ನು ಮುರಿದು ಎಡದ ಕಲ್ಲಿಗೊಂದು, ಬಲದ ಕಲ್ಲಿಗೊಂದು ಪಾಲು ಇಟ್ಟರು. ನಡುವಿನದನ್ನು ತೆಗೆಯಲಿಲ್ಲ. ಇನ್ನೊಂದು ಅಂಡೆ ಸೀಳಿ, ಇದು ನಿನ್ನ ಮುವಾನ್‌ಗೆ ಎಂದು ಪಿ ಖಾಮ್ ಕೈಗೆ ಕೊಟ್ಟರು. ಪಿ ಖಾಮ್ ಅದನ್ನು ಹಿಡಿದುಕೊಂಡು ಎದ್ದು ನಿಂತು ಸಾಲುಗಳನ್ನೆಲ್ಲ ನೋಡಿದರು. ನಾಲ್ಕು ಹೆಜ್ಜೆ ಹೋದರು, ನಿಂತರು, ವಾಪಸ್ ಬಂದರು. ಎಲ್ಲಿಡುವುದೆಂದು ತಿಳಿಯಲಿಲ್ಲ. ಕೊನೆಗೆ ಇಬ್ಬರೂ ಅದನ್ನು ಅರ್ಧರ್ಧ ತಿಂದರು.

ಬಿಸಿಲು ಇಳಿಯುವ ಮೊದಲು ಅಳಿಸಿಬಿಡು ಎಂದವರು ನೋಯ್. ಅವರಿಗೆ ಓದು ಬಾರದು. ಅಳಿಸುವ ಮುಂಚೆ ಒಂದು ಸಲ ಓದಿ ತೋರಿಸು ಎಂದರು. ಪಿ ಖಾಮ್ ಬೆರಳಿಟ್ಟು ತೋರಿಸಿದರು. ಇದು ವಿ, ನಿಮ್ಮ ಮನೆತನ. ಇದು ವಾನ್. ಇದು ಪಾನ್.

ನೋಯ್ ಗಾಬರಿಯಾದರು. "ಪಾನ್ ಕೊನೇಲಿದೆಯಾ? ನಾನು ಇಷ್ಟು ವರ್ಷ ನಡುವಿನದನ್ನ ಸವರ್ತಿದ್ದೆ."

"ಅದು ವಾನ್ ಕಣಕ್ಕ. ಅರ್ಧಕ್ಕರ್ಧ ಗಂಡಸರಿಗೆ ಇರುತ್ತೆ ಅದು."

ಮೊದಲು ನಕ್ಕವರು ನೋಯ್. ವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಪಿ ಖಾಮ್ ಅವರಿಗೂ ತಡೆಯಲಾಗಲಿಲ್ಲ. ಆ ನಗು ಯಾವಾಗ ಅಳುವಾಯಿತೆಂದು ನಾನು ಗಮನಿಸಲಿಲ್ಲ. ರಾಗವಿಲ್ಲದ, ಸುದ್ದಿಯಿಲ್ಲದ ಅಳು ಅದು. ಪಿ ಖಾಮ್ ಬಟ್ಟೆಗೆ ಸೀಮೆಎಣ್ಣೆ ಹಾಕಿ ಕೊಟ್ಟರು. ಕೊನೆಯ ಪದವನ್ನು ನೋಯ್ ಮೊದಲು ಬೆರಳಿನಿಂದ ಒಮ್ಮೆ ಸ್ಪಷ್ಟವಾಗಿ ಸವರಿದರು. ಆಮೇಲೆ ತಾವೇ ಉಜ್ಜಿದರು. ಉಳಿದದ್ದನ್ನು ಪಿ ಖಾಮ್ ಉಜ್ಜಿದರು.

ಅಳಿಸಿದ ಜಾಗಕ್ಕೆ ಬಳಿದ ಬಿಳಿ ಬಣ್ಣ ಒಣಗಲು ಒಂದು ದಿನ ಬೇಕು. ಇಪ್ಪತ್ತನಾಲ್ಕರ ಬೆಳಿಗ್ಗೆ ಪಿ ಖಾಮ್ ಅದರ ಮೇಲೆ ಎಂಟು ನಿಮಿಷದ ಸಾಲನ್ನು ಬರೆದರು. ನಾನು ಗಡಿಯಾರ ನೋಡಿದೆ. ಹತ್ತೊಂಬತ್ತು ನಿಮಿಷ ಹಿಡಿಯಿತು. ಯೇನ್ ಬಂದು ಮೊಬೈಲಿನಲ್ಲಿ ಫೋಟೋ ತೆಗೆದು, ಯಾವ ಕಚೇರಿಗೆ ಕಳಿಸಬೇಕೆಂದು ವಿಚಾರಿಸಲು ಕೆಳಗಿಳಿದಳು. ನನ್ನ ಪುಸ್ತಕದಲ್ಲಿ ನಾನು 453ನ್ನು ಅಳಿಸಿ 452 ಎಂದು, 731ನ್ನು ಅಳಿಸಿ 732 ಎಂದು ಬರೆದುಕೊಂಡೆ.

ಇಪ್ಪತ್ತೇಳರಂದು ಹೂಗುಚ್ಛಗಳು ಬಂದವು, ಭಾಷಣವಾಯಿತು, ಪ್ರತಿ ಕಲ್ಲಿಗೂ ಒಂದೊಂದು ಊದುಬತ್ತಿ ಹಚ್ಚಿದರು. ಪಿ ಖಾಮ್ ಮತ್ತು ನೋಯ್ ಬೇಲಿಯ ಪಕ್ಕದ ನೆರಳಿನಲ್ಲಿ ನಿಂತಿದ್ದರು. ಅಕ್ಷರಗಳು ತುಂಬ ಅಂದವಾಗಿವೆ ಎಂದು ದೊಡ್ಡವರೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ನಾನದನ್ನು ಪಿ ಖಾಮ್‌ಗೆ ಹೇಳಿದೆ. ಯಾವ ಸಾಲಿನಲ್ಲಿ ನಿಂತು ಹೇಳಿದರು ಎಂದು ಅವರು ಕೇಳಿದರು. ಹತ್ತನೆಯದರಲ್ಲಿ ಎಂದೆ. ಹತ್ತನೆಯದು ಈ ಸಲ ನಿಜವಾಗಿ ಚೆನ್ನಾಗಿ ಬಂದಿದೆ ಎಂದರು.

ಮರುದಿನ ನೋಯ್ ಹೊರಟರು. ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತ ಇಬ್ಬರೂ ಲಾರಿಗಳ ಧೂಳಿಗೆ ಮುಖ ಮುಚ್ಚಿಕೊಂಡು ನಿಂತರು. ಖಾಲಿ ಚೀಲದೊಳಗೆ ಪಿ ಖಾಮ್ ಒಂದು ಗೊನೆ ಬಾಳೆಹಣ್ಣು ತುರುಕಿದರು. ಬಸ್ಸು ನಿಂತಿತು. ನೋಯ್ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಮುಂದಿನ ವರ್ಷ ಬಂದರೆ ಯಾವ ಕಲ್ಲಿಗೆ ಹೋಗಲಿ?"

ಕಂಡಕ್ಟರ್ ಅವಸರ ಮಾಡುತ್ತಿದ್ದ. ಪಿ ಖಾಮ್ ಗುಡ್ಡದ ಕಡೆ ನೋಡಿದರು, ನೋಯ್ ಕಡೆ ನೋಡಿದರು.

"ಮೊದಲು ಮನೆಗೆ ಬಾ ಅಕ್ಕ. ಕಲ್ಲು ಆಮೇಲೆ ನೋಡೋಣ."